ಉಪ್ಪುಗಾಳಿಗೆ ತುಕ್ಕು ಹಿಡಿದ ಪದ್ಮಿನಿ: ಇಂಜಿನ್ ಮೊದಲೋ, ಬಾಡಿಯೋ?

ಪ್ರಶ್ನೆ: ಕಾರವಾರದಲ್ಲಿ ಕಡಲ ಹತ್ತಿರವೇ ನಿಂತಿದ್ದ ಹಳೇ ಕಾರು, ಪ್ರೀಮಿಯರ್ ಪದ್ಮಿನಿ. ಗೆಳೆಯನೂ ನಾನೂ ಭಾನುವಾರ ಮಾತ್ರ ಕೆಲಸ ಮಾಡೋದು. ಫ್ಲೋರ್ ಪೂರ್ತಿ ತೂತು. ಎಲ್ಲಿಂದ ಶುರು ಮಾಡೋದು?

ಉತ್ತರ 1: ಬಾಡಿಯಿಂದ. ಈ ಗಾಡಿಗೆ ಬೇರೆ ಚಾಸಿ (ಬಾಡಿಯ ಅಡಿಯ ಉಕ್ಕಿನ ಚೌಕಟ್ಟು) ಇಲ್ಲ ಮಾರಾಯ್ರೆ, ಫ್ಲೋರೂ ಭಾರ ಹೊರತ್ತೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ಹೋದಷ್ಟೂ ಜಾಗ ಕತ್ತರಿಸಿ 1 ಮಿ.ಮೀ. ತಗಡು ವೆಲ್ಡ್ ಮಾಡಿಸಿ. ಕತ್ತರಿಸೋ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಕೊಡಿ. ಇಲ್ಲದಿದ್ರೆ ಬಾಡಿ ಬಾಗಿ ಬಾಗಿಲು ಮತ್ತೆ ಕೂರಲ್ಲ. ತೂತಿಗೆ ಪುಟ್ಟಿ ಮೆತ್ತಬೇಡಿ, ನೀರು ಹೀರತ್ತೆ.

ಉತ್ತರ 2: ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಸಿಹಿನೀರಲ್ಲಿ ತೊಳೆದು ಒಣಗಿಸಿ; ಉಪ್ಪು ಉಳಿದರೆ ಬಣ್ಣದಡಿ ಗುಳ್ಳೆ ಏಳತ್ತೆ. ತುಕ್ಕು ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯೋ ಮೊದಲ ಕೋಟು) ಹೊಡೀರಿ. ಮಳೆಗಾಲದಲ್ಲಿ ಬಣ್ಣದ ಸುದ್ದಿಯೇ ಬೇಡ.

ಉತ್ತರ 3: ಇಂಜಿನ್‌ಗೆ ಸದ್ಯ ಸೆಲ್ಫ್ ಹೊಡೀಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರ್‌ಗೆ ಎರಡೆರಡು ಚಮಚ ಆಯಿಲ್ ಬಿಟ್ಟು, ಮುಂದಿನ ಭಾನುವಾರ ಇಂಜಿನ್ ಕೈಯಲ್ಲಿ ತಿರುಗಿಸಿ.