ತಿರುವಿನಲ್ಲಿ ದನ, ನಾಯಿ: ಭಾನುವಾರದ ಕೆಲಸಕ್ಕೆ ಮುಂಚೆ ಓದಿ

ಮನೆ ನಂ. 27: ಮೈಸೂರಿನ ಬೋಗಾದಿ ಕಡೆಯಿಂದ ನಮ್ಮ ಬಡಾವಣೆಗೆ ತಿರುಗೋ ಜಾಗದಲ್ಲಿ ಕಸಕ್ಕೆ ಬರೋ ದನ, ನಾಯಿಗೆ ಗಾಡಿ ಗುದ್ದೋ ವಿಷಯ ಮಾತ್ರ ಈ ಗ್ರೂಪಲ್ಲಿ ಹಾಕಿ. ಮೊದಲು ಲೆಕ್ಕ. 40ರ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತೆ. ಕಣ್ಣಿಗೆ ಬಿದ್ದು ಬ್ರೇಕ್ ಒತ್ತೋಕೆ ಒಂದು ಸೆಕೆಂಡ್, ಆಮೇಲೆ ಒಣ ರಸ್ತೇಲಿ ನಿಲ್ಲೋಕೆ ಇನ್ನೂ 9 ಮೀಟರ್. ಒಟ್ಟು 20. ಆದರೆ ಕಾಂಪೌಂಡ್ ಮೂಲೆ ದಾಟಿದ ಮೇಲೇ ದನ, ನಾಯಿ ಕಣ್ಣಿಗೆ ಬೀಳೋದು, ಅಲ್ಲಿಂದ ಕಸದ ಗುಡ್ಡೆಗೆ ಟೇಪ್ ಹಿಡಿದರೆ ಬರೋದು 14. ಅದೇ 30ರಲ್ಲಿ ಬಂದರೆ 13 ಮೀಟರಿಗೆ ನಿಲ್ಲುತ್ತೆ. ಮಳೇಲಿ ಅದೂ ಸಾಲದು.

3ನೇ ಅಡ್ಡರಸ್ತೆ, ಮಹಡಿ ಮನೆ: ಹಾಗಾದ್ರೆ ಹಂಪ್ ಹಾಕಿಸಿಬಿಡೋಣ ಸರ್, ಎರಡು ಮೂಟೆ ಸಿಮೆಂಟ್ ಸಾಕಲ್ವಾ?

ಮನೆ ನಂ. 27: ದಯವಿಟ್ಟು ಬೇಡ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಅಳತೆ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ನಾವು ಕಲಸಿ ಹಾಕೋದು ಗಿಡ್ಡ, ಚೂಪು ದಿಬ್ಬ ಆಗುತ್ತೆ. ನಾಯಿ ತಪ್ಪಿಸಿದ ಸ್ಕೂಟರ್ ಅದರ ಮೇಲೆ ಬೀಳುತ್ತೆ. ಪಾಲಿಕೆಗೆ ಅರ್ಜಿ ಕೊಡೋಣ. ಹಂಪ್ ತಿರುವಿಗೆ ಮುಂಚೆ ಬೇಕು, ತಿರುವಿನೊಳಗಲ್ಲ ಅಂತ ನಕ್ಷೆ ಸಮೇತ ಬರೀಬೇಕು. ಬಿಳಿ ಪಟ್ಟಿ ಇಲ್ಲದ ಹಂಪ್ ಇದ್ದೂ ಇಲ್ಲದ ಹಾಗೆ.

ಕ್ಯಾಬ್ ಓಡಿಸೋರು, 2ನೇ ಅಡ್ಡರಸ್ತೆ: ಓಡಿಸೋರಿಗೆ ನಾಲ್ಕು ಮಾತು. ಒಂದು ನಾಯಿ ದಾಟಿತು ಅಂದ್ರೆ ಹಿಂದೆ ಇನ್ನೊಂದಿದೆ ಅಂತಲೇ ಲೆಕ್ಕ. ಕಾರ್ತಿಕದ ಬೆದೆ ಹೊತ್ತಲ್ಲಂತೂ ಐದಾರು. ಹಸು ಅಡ್ಡ ಬಂದರೆ ಬಾಲದ ಕಡೆಯಿಂದ ಹೋಗಿ, ಅದು ಮುಂದಕ್ಕೇ ಹೆಜ್ಜೆ ಹಾಕೋದು. ಆದರೆ ಕರು ರಸ್ತೆಯ ಆ ಕಡೆ, ತಾಯಿ ಈ ಕಡೆ ಇದ್ದರೆ ನಿಲ್ಲಿಸಿಬಿಡಿ. ಕರು ಯಾವ ಕ್ಷಣದಲ್ಲಾದರೂ ನುಗ್ಗುತ್ತೆ. ದೂರದಿಂದಲೇ ಒಂದು ಸಣ್ಣ ಹಾರ್ನ್ ಸಾಕು, ಹತ್ತಿರ ಬಂದು ಉದ್ದಕ್ಕೆ ಹೊಡೆದರೆ ಗಾಬರಿಗೆ ಎತ್ತ ತಿರುಗುತ್ತೋ ಹೇಳಕ್ಕಾಗಲ್ಲ.

ಎಮ್ಮೆ ಬೇರೆಯೇ ಕಥೆ. ಲೋ ಬೀಮ್ ಬೆಳಕು ಅದರ ಕಾಲಿಗಷ್ಟೇ ಬೀಳೋದು. ಕಣ್ಣು ಹೊಳೆಯೋದು ಕಾಣಲ್ಲ, ಮೈ ಕಪ್ಪು. ನಾಯಿ ಗಿಡ್ಡ, ಅದರ ಕಣ್ಣಾದ್ರೂ ಮಿಂಚುತ್ತೆ.

ಸ್ಕೂಟರಿನವರು ಬೀಳೋದು ಹೆಚ್ಚಾಗಿ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿದಾಗ. ಮರಳಿದ್ದರಂತೂ ಚಕ್ರ ಜಾರೇ ಜಾರುತ್ತೆ. ಹ್ಯಾಂಡಲ್ ನೇರ ಇರಲಿ, ಎರಡೂ ಬ್ರೇಕ್ ಒಟ್ಟಿಗೆ. ನಾಯಿ ಅಟ್ಟಿಸಿಕೊಂಡು ಬಂದರೆ ಕಾಲು ಎತ್ತಬೇಡಿ, ವೇಗ ಇಳಿಸಿ.

ಮನೆ ನಂ. 41: ದನದ ಮಾಲೀಕರನ್ನು ಹುಡುಕೋದು ಹೇಗೆ ಅಣ್ಣ?

ಹಾಲು ಡೈರಿ ಪಕ್ಕದ ಮನೆ: ಕಿವೀಲಿ ಹಳದಿ ಓಲೆ ಇದ್ದರೆ ಅದರಲ್ಲಿ 12 ಅಂಕಿ ಇರುತ್ತೆ. ಹಗಲಲ್ಲಿ ಫೋಟೊ ತೆಗೀರಿ, ಫ್ಲ್ಯಾಶ್ ಹಾಕಿದ್ರೆ ಬೆಳಕು ಬಡಿದು ಅಂಕಿ ಅಳಿಸಿಹೋಗುತ್ತೆ. ಪಶು ಆಸ್ಪತ್ರೇಲಿ ಆ ಸಂಖ್ಯೆ ಹಾಕಿ ನೋಡ್ತಾರೆ. ಒಂದು ಮಾತು: ಹಾಲು ಕರೆಯೋ ಹಸುಗಳು ಸಂಜೆ ತಾವೇ ಮನೆ ಸೇರುತ್ತವೆ. ನಡುರಾತ್ರಿ ಟಾರ್ ಮೇಲೆ ಮಲಗಿರೋದು ಹೆಚ್ಚಾಗಿ ಗೊಡ್ಡು ಹಸು, ಗಂಡುಗರು. ಟಾರ್ ಬೆಚ್ಚಗಿರುತ್ತೆ, ಕೆಸರಿಲ್ಲ. ಅವಕ್ಕೆ ಮಾಲೀಕ ಸಿಗೋದೇ ಕಷ್ಟ.

ಮನೆ ನಂ. 12: ಕಸ ಅಲ್ಲಿರೋ ತನಕ ಮಿಕ್ಕಿದ್ದೆಲ್ಲ ವ್ಯರ್ಥ ಕಣ್ರೀ. ರಾತ್ರಿ ಅನ್ನದ ಕವರ್ ಎಸೆಯೋದು ನಮ್ಮೋರೇ. ಹಸಿ ಕಸ ಬೆಳಿಗ್ಗೆ ಗಾಡಿಗೇ ಕೊಡಿ. ನಾಯಿಗೆ ಹಾಕೋರು ಪಾರ್ಕ್ ಹಿಂದಿನ ಖಾಲಿ ಸೈಟಲ್ಲಿ, ಒಂದೇ ಹೊತ್ತಿಗೆ ಹಾಕಿ, ಉಳಿದದ್ದು ಎತ್ತಿ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದಲ್ಲಿ ಊಟದ ಜಾಗ ಗೊತ್ತು ಮಾಡೋ ಕೆಲಸ ನಿವಾಸಿಗಳ ಸಂಘದ್ದು, ಇಲ್ಲಾ ಸ್ಥಳೀಯ ಸಂಸ್ಥೆ ಪ್ರತಿನಿಧಿಯದ್ದು. ಕಿವಿ ತುದೀಲಿ ಕಚ್ಚು ಇಲ್ಲದ, ಅಂದ್ರೆ ಸಂತಾನಹರಣ ಆಗದ ನಾಯಿಗಳನ್ನ ಎಣಿಸಿ ಪಾಲಿಕೆಗೆ ಪಟ್ಟಿ ಕೊಡಿ. ಶಸ್ತ್ರಚಿಕಿತ್ಸೆ ಆದ್ಮೇಲೆ ಇಲ್ಲಿಗೇ ತಂದು ಬಿಡ್ತಾರೆ, ‘ಮತ್ತೆ ಯಾಕೆ ತಂದ್ರಿ’ ಅಂತ ಜಗಳಕ್ಕೆ ಹೋಗಬೇಡಿ.

ಮನೆ ನಂ. 41: ರೇಡಿಯಂ ಬೆಲ್ಟ್ ಕಟ್ಟೋಣವಾ?

ಹಾಲು ಡೈರಿ ಪಕ್ಕದ ಮನೆ: ನಾಯಿಗೆ ಒಂದು ಇಂಚು, ವೆಲ್ಕ್ರೋದ್ದು. ಎಲ್ಲಾದರೂ ಸಿಕ್ಕಿಕೊಂಡ್ರೆ ಬಿಚ್ಚಿಕೊಳ್ಳಬೇಕು. ಎರಡು ಬೆರಳು ತೂರುವಷ್ಟು ಸಡಿಲ. ಮರಿಗೆ ಬೇಡ, ಕತ್ತು ಬೆಳೆದು ಬಿಗಿಯುತ್ತೆ. ದನಕ್ಕೆ ಮಾಲೀಕರನ್ನ ಕೇಳಿ ಕೊಂಬಿಗೆ ರೇಡಿಯಂ ಟೇಪ್ ಅಂಟಿಸಿ. ಮೊದಲು ಸ್ಪಿರಿಟ್‌ನಲ್ಲಿ ಒರೆಸದಿದ್ರೆ ಎರಡೇ ದಿನಕ್ಕೆ ಕಿತ್ತು ಬರುತ್ತೆ.

ಕ್ಯಾಬ್ ಓಡಿಸೋರು, 2ನೇ ಅಡ್ಡರಸ್ತೆ: ಗುದ್ದಿಬಿಟ್ಟರೆ ಹಜಾರ್ಡ್ ಲೈಟ್ ಹಾಕಿ 1962ಕ್ಕೆ ಫೋನ್ ಮಾಡಿ, ಜನಕ್ಕೆ ಪೆಟ್ಟಾಗಿದ್ರೆ 112. ಗಾಯಗೊಂಡ ನಾಯಿ ಕಚ್ಚುತ್ತೆ, ಬಾಯಿ ಕಡೆಯಿಂದ ಮುಟ್ಟಬೇಡಿ. ಕಾರಿನಡಿ ಹಸಿರೋ ಕೆಂಪೋ ನೀರು ತೊಟ್ಟಿಕ್ಕಿದ್ರೆ ರೇಡಿಯೇಟರ್ ಹೋಗಿದೆ ಅಂತ, ಸ್ಟಾರ್ಟ್ ಮಾಡದೆ ಎಳೆಸಿ. ಬರೀ ಥರ್ಡ್ ಪಾರ್ಟಿ ವಿಮೆ ಇದ್ರೆ ಕಾರಿನ ರಿಪೇರಿ ನಿಮ್ಮ ಜೇಬಿಂದಲೇ.

ಮನೆ ನಂ. 27: ಭಾನುವಾರ 7ಕ್ಕೆ ತಿರುವಿನ ಹತ್ತಿರ. ಕಸ ತೆಗೆಯೋಕೆ ಗುದ್ದಲಿ ಎರಡು ಬೇಕು, ಕೊಂಬು ಒರೆಸೋ ಸ್ಪಿರಿಟ್ ನನ್ನ ಹತ್ರ ಇದೆ.

ಮನೆ ನಂ. 12: ಗುದ್ದಲಿ ತರ್ತೀನಿ. ಶನಿವಾರ ರಾತ್ರಿ ಮಾತ್ರ ಅಲ್ಲಿ ಯಾರೂ ಅನ್ನ ಸುರೀಬೇಡಿ.