ನೆಲಮಹಡಿಯ ಕೋಣೆಗೆ ಎಂಥ ಡಿಹ್ಯೂಮಿಡಿಫೈಯರ್ ಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಸರ್. ಮಲ್ಲೇಶ್ವರದ ಹಳೆಯ ಮನೆಯೊಂದರ ನೆಲಮಹಡಿಯಲ್ಲಿ ನಮ್ಮ ವಾಸ. ಮಳೆ ಹಿಡಿಯಿತೆಂದರೆ 12 ಅಡಿಗೆ 10 ಅಡಿಯ ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ ಶುರುವಾಗುತ್ತದೆ. ಈ ಸಲ ಬೀರುವಿನಲ್ಲಿದ್ದ ಅಮ್ಮನ ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಬಿಳಿ ಬೂಷ್ಟು ಕಂಡಿತು. ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಕೊಳ್ಳೋಣವೆಂದರೆ, ಅಂಗಡಿಯಲ್ಲಿ ಅಂಗೈಯಗಲದ ಯಂತ್ರದಿಂದ ದಿನಕ್ಕೆ 20 ಲೀಟರ್ ನೀರು ಹಿಡಿಯುವ ಯಂತ್ರದವರೆಗೆ ತೋರಿಸುತ್ತಾರೆ. ನಮಗೆ ಯಾವುದು ಸರಿ?

ಉತ್ತರ (ಏಸಿ, ಫ್ರಿಜ್ ತಂತ್ರಜ್ಞ): ನಮಸ್ಕಾರ ಮೇಡಂ. ಹಣ ಕೊಡುವ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ದಯವಿಟ್ಟು ಖಚಿತಪಡಿಸಿಕೊಳ್ಳಿ. ಬೀರುವಿನ ಹಿಂದಿನ ಗೋಡೆಗೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹನಿಗಳು ಹಾಳೆಯ ಗೋಡೆಯ ಕಡೆಯ ಮೈಯಲ್ಲಿ ಕೂತಿದ್ದರೆ ನೀರು ಗೋಡೆಯೊಳಗಿಂದ ಜಿನುಗುತ್ತಿದೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಉಪ್ಪು ಬಿಟ್ಟು ಬಿಳಿ ಪುಡಿ ಉದುರುತ್ತಿದ್ದರೂ ಅದೇ ಲಕ್ಷಣ. ಹಾಗಿದ್ದರೆ ಮೊದಲು ರಿಪೇರಿ ಮಾಡಿಸಿ, ಏಕೆಂದರೆ ಯಂತ್ರ ಹಗಲಿರುಳು ಓಡಿದರೂ ಗೋಡೆ ಒಣಗುವುದಿಲ್ಲ.

ಹನಿಗಳು ಕೋಣೆಯ ಕಡೆಗಿದ್ದರೆ, ಇಲ್ಲವೇ ಗೋಡೆ ಒಣಗಿದ್ದೂ ವಾಸನೆಯಿದ್ದರೆ, ಕಂಪ್ರೆಸರ್ ಇರುವ ಯಂತ್ರವನ್ನೇ ಆರಿಸಿ. ತಣ್ಣಗಿನ ಸುರುಳಿಯ ಮೇಲೆ ಗಾಳಿ ಹಾಯಿಸಿ ಅದರ ತೇವವನ್ನು ನೀರಾಗಿಸುವುದು ಅದರ ಕೆಲಸ. ಚಳಿ ಜಾಸ್ತಿಯಾದರೆ ಸುರುಳಿಗೆ ಮಂಜು ಕಟ್ಟುತ್ತದೆ, ಆದರೆ ಬೆಂಗಳೂರಿನ ಮಳೆಗಾಲದ ರಾತ್ರಿಗಳು ಸಾಮಾನ್ಯವಾಗಿ 19–20 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಇಲ್ಲಿ ಆ ಭಯವಿಲ್ಲ. ಅಂಗೈಯಗಲದ ಪೆಲ್ಟಿಯರ್ ಯಂತ್ರ (ಕಂಪ್ರೆಸರ್ ಇಲ್ಲದೆ, ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗುವ ಪುಟ್ಟ ಬಿಲ್ಲೆಯಿಂದ ಕೆಲಸ ಮಾಡುವಂಥದ್ದು) ದಿನಕ್ಕೆ ಹಿಡಿಯುವುದು ಕೆಲವು ನೂರು ಮಿಲಿಲೀಟರ್ ಮಾತ್ರ. ಬೀರುವಿಗೆ ಸಾಕು, ಕೋಣೆಗೆ ಸಾಲದು.

ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕ ಬಹುತೇಕ 30 ಡಿಗ್ರಿ ಸೆಕೆ, ಶೇ 80 ತೇವಾಂಶದಲ್ಲಿ ಅಳೆದದ್ದು. ನಮ್ಮ 23–24 ಡಿಗ್ರಿಯಲ್ಲಿ ಅಷ್ಟು ನೀರು ಬರುವುದಿಲ್ಲ. ಇದನ್ನು ಅಂಗಡಿಯವರು ಹೇಳುವುದು ಅಪರೂಪ. ಆ ಕೊರತೆಯನ್ನು ಲೆಕ್ಕಕ್ಕೆ ಹಿಡಿದೇ 10–12 ಲೀಟರ್ ಎಂದು ಬರೆದಿರುವುದು ನಿಮ್ಮ ಕೋಣೆಗೆ ಸಾಕೆನ್ನುತ್ತೇನೆ. ತೇವಾಂಶ ಶೇ 55ಕ್ಕೆ ಇಳಿದಾಗ ತಾನೇ ನಿಲ್ಲುವಂತೆ ಹೊಂದಿಸುವ ಸೌಲಭ್ಯ ಇರಲೇಬೇಕು.

ಮರುಪ್ರಶ್ನೆ: ರಾತ್ರಿಯಿಡೀ ಹಾಕಬಹುದೇ ಸರ್? ಕರೆಂಟ್ ಬಿಲ್ ಹೆಚ್ಚಾಗುತ್ತದೆಯೇ?

ಉತ್ತರ: 250 ವಾಟಿನದಾದರೆ 8 ಗಂಟೆಗೆ 2 ಯೂನಿಟ್. ಆದರೆ ಕಂಪ್ರೆಸರಿನ ಸದ್ದು ನಿದ್ದೆಗೆ ಅಡ್ಡಿ, ಕೋಣೆಯೂ ಸ್ವಲ್ಪ ಬಿಸಿಯಾಗುತ್ತದೆ. ಹಗಲಿನಲ್ಲೇ ಕಿಟಕಿ ಬಾಗಿಲು ಮುಚ್ಚಿ ಓಡಿಸಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ. ಅಮ್ಮನ ಸೀರೆಗಳನ್ನು ನೆರಳಿನಲ್ಲಿ ಬಿಡಿಸಿ ಹರವಿ, ಬೂಷ್ಟನ್ನು ಮೆತ್ತನೆಯ ಬ್ರಷ್ಷಿನಿಂದ ಮನೆಯ ಹೊರಗೇ ಉದುರಿಸಿ, ಬೀರುವಿನ ಒಳಗನ್ನೂ ಒರೆಸಿ ಒಣಗಿಸಿದ ಮೇಲೆಯೇ ಮರಳಿ ಇಡಿ.