ಸಹಾಯ ಬೇಕು: ಹಳೆಯ ಮರದ ಬೀರುವನ್ನು ಜೇನುಪೆಟ್ಟಿಗೆಯಾಗಿಸುವುದು ಹೇಗೆ?

ಮಾನ್ಯ ಸದಸ್ಯರೇ,

ಬಳಕೆಯಿಲ್ಲದೆ ಉಳಿದಿರುವ ಮೂರು ಡ್ರಾಯರ್‌ಗಳ ಮರದ ಬೀರುವೊಂದನ್ನು ಜೇನುಪೆಟ್ಟಿಗೆಯಾಗಿ ಮಾರ್ಪಡಿಸಬೇಕೆಂದಿದ್ದೇನೆ. ಕೆಳಗಿನ ಡ್ರಾಯರನ್ನು ಸಂಸಾರ ಕೋಣೆಯಾಗಿಯೂ (ರಾಣಿ ಮೊಟ್ಟೆಯಿಟ್ಟು ಮರಿಗಳು ಬೆಳೆಯುವ ಭಾಗ), ಅದರ ಮೇಲಿನದನ್ನು ತಳ ತೆಗೆದು ಜೇನು ಕೋಣೆಯಾಗಿಯೂ ಬಳಸುವುದು ಮೊದಲ ಯೋಚನೆಯಾಗಿತ್ತು.

ಆದರೆ ಎರಿಗಳ (ಮೇಣದ ಕೋಶಗಳ ಹಾಳೆಗಳ) ನಡುವೆ ಜೇನುಹುಳುಗಳ ಓಡಾಟಕ್ಕೆ ಸುಮಾರು 6ರಿಂದ 9 ಮಿಲಿಮೀಟರ್ ಜಾಗವಷ್ಟೇ ಇರಬೇಕು. ಅದು ಹೆಚ್ಚಾದರೆ ಅಲ್ಲಿಯೂ ಎರಿ ಕಟ್ಟುತ್ತವೆ. 1851ರಲ್ಲಿ ಅಮೆರಿಕದ ಜೇನುಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ ಈ ಅಂತರವನ್ನೇ ಆಧರಿಸಿ ಎತ್ತಿ ತೆಗೆಯಬಲ್ಲ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ಡ್ರಾಯರನ್ನು ಮುಂದಕ್ಕೆ ಎಳೆದಾಗ ಮೇಲಿನ ಕೋಣೆಗೆ ಅಂಟಿಕೊಂಡ ಎರಿಗಳು ಮೊಟ್ಟೆ, ಮರಿಗಳ ಸಮೇತ ಹರಿದುಹೋಗಬಹುದೆಂಬ ಭಯ ನನ್ನದು. ಆದ್ದರಿಂದ ಬೀರುವಿನ ಮೇಲ್ಹಲಗೆಯನ್ನೇ ಮುಚ್ಚಳವಾಗಿಸಿ, ಚೌಕಟ್ಟುಗಳನ್ನು ಮೇಲಿನಿಂದ ಎತ್ತುವಂತೆ ಮಾಡುವುದು ಲೇಸೆಂದು ತೋರುತ್ತದೆ (ಹಿಡಿಕೆಗಳು ಅಲಂಕಾರಕ್ಕೆ ಉಳಿಯಲಿ!).

ಒಳಭಾಗದ ಹಳೆಯ ವಾರ್ನಿಷನ್ನು ಉಜ್ಜಿ ತೆಗೆದು ಬಿಸಿಲಿಗಿಟ್ಟರೆ ಸಾಕೇ, ಅಥವಾ ಒಳಗೆ ಹೊಸ ಹಲಗೆ ಹೊದಿಸಬೇಕೇ? ಹಿಂಬದಿಯ ಪ್ಲೈವುಡ್ ತೇವಕ್ಕೆ ಉಬ್ಬದಂತೆ ಏನು ಮಾಡಬೇಕು? ಎರಿಗಳನ್ನು ಹಾಳುಮಾಡುವ ಮೇಣದ ಪತಂಗ ಮೊಟ್ಟೆಯಿಡುವ ಸಂದುಗಳನ್ನು ಜೇನುಮೇಣದಿಂದಲೇ ಮುಚ್ಚಬಹುದೇ? ಇಂಥ ಪ್ರಯತ್ನ ಮಾಡಿದವರು, ವಿಫಲವಾಗಿದ್ದರೂ ಸರಿ, ದಯವಿಟ್ಟು ಅಳತೆಗಳ ಸಹಿತ ತಿಳಿಸಬೇಕೆಂದು ವಿನಂತಿ.